ರಸ್ತೆ ಎಲ್ಲಿ ಬಾಗಬೇಕು?

ಹೆದ್ದಾರಿಯ ಅಲೈನ್‌ಮೆಂಟ್ ಗುರುತಿಸುವ ಎಂಜಿನಿಯರ್‌ಗೆ ಊರ ನಡುವಿನ ಉದ್ಯಾನದಷ್ಟು ಅನುಕೂಲದ ಜಾಗ ಬೇರೆ ಸಿಗದು. ಅಲ್ಲಿ ಕೆಡವಬೇಕಾದ ಮನೆಗಳಿಲ್ಲ, ಪರಿಹಾರ ಕೇಳುವ ಮಾಲೀಕರಿಲ್ಲ, ಭೂಸ್ವಾಧೀನದ ವಿರುದ್ಧ ಕೋರ್ಟಿಗೆ ಹೋಗುವ ವಾರಸುದಾರರಿಲ್ಲ. ಜಾಗ ಮೊದಲೇ ಸರ್ಕಾರದ್ದು. ಹಳೆಯ ಪೇಟೆಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ: ಕಟ್ಟಡಗಳಿಗೆ ವಯಸ್ಸಾಗಿರುತ್ತದೆ, ಸರ್ಕಾರಿ ದರ ಕಡಿಮೆ ಇರುತ್ತದೆ. ಖರ್ಚುವೆಚ್ಚ ಮಾತ್ರ ನೋಡಿ ಗೆರೆ ಎಳೆದರೆ ಆ ಗೆರೆ ತಾನಾಗಿ ಉದ್ಯಾನ, ಹಳೆಯ ಪೇಟೆಗಳ ಮೇಲೇ ಹಾಯುತ್ತದೆ.

ಈ ಒಲವನ್ನು ಕಾನೂನು ತಡೆಯಬೇಕೆ? ತಡೆದರೆ ಎಷ್ಟರ ಮಟ್ಟಿಗೆ? ತಡೆದ ರಸ್ತೆ ಮತ್ತೆ ಯಾರ ಮನೆಯ ಮೇಲೆ ಹೋಗಬೇಕು? ಈ ಪ್ರಶ್ನೆಗಳನ್ನು ಅಮೆರಿಕ ಅರವತ್ತು ವರ್ಷಗಳಿಂದ ಶಾಸನಸಭೆ, ನ್ಯಾಯಾಲಯ, ಬೀದಿ ಮೂರರಲ್ಲೂ ಜಗ್ಗಾಡಿಕೊಂಡು ಬಂದಿದೆ. ಈಗ ಅಲ್ಲಿ ವಾದ ಎರಡನೆಯ ಸುತ್ತಿಗೆ ಬಂದಿದೆ. 1950-60ರ ದಶಕಗಳಲ್ಲಿ ಕಟ್ಟಿದ ಹೆದ್ದಾರಿಗಳ ಕಾಂಕ್ರೀಟು ಸವೆದು ಮರುನಿರ್ಮಾಣ ನಡೆಯುತ್ತಿರುವುದರಿಂದ, ಅಂದು ಗೆರೆ ಎಳೆದ ಜಾಗಗಳಲ್ಲೇ ಮತ್ತೆ ಅಳತೆ ಶುರುವಾಗಿದೆ. ಈ ವಾದದ ಪಂಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ರಸ್ತೆಯಿಂದ ಬಚಾವಾದ ಜಾಗಗಳೆಲ್ಲ ಕಳೆದುಹೋದವುಗಳಿಗಿಂತ ಹೆಚ್ಚು ಬೆಲೆಯುಳ್ಳವೇನೂ ಆಗಿರಲಿಲ್ಲ. ನಕ್ಷೆ ಮೇಜಿಗೆ ಬರುವ ಮುನ್ನವೇ ಅವು ಯಾವುದೋ ಪಟ್ಟಿಯಲ್ಲಿ ಸೇರಿದ್ದವು, ಅಷ್ಟೆ.

ಒಂದೇ ದಿನ ಎರಡು ಕಾನೂನು

1956ರ ಹೆದ್ದಾರಿ ಕಾಯಿದೆ ಸುಮಾರು 41,000 ಮೈಲಿ ಉದ್ದದ ಇಂಟರ್‌ಸ್ಟೇಟ್ ಎಂಬ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಹಣ ಒದಗಿಸಿತು. ವೆಚ್ಚದ ಶೇ 90 ಭಾಗ ಕೇಂದ್ರದ್ದು. ರಾಜ್ಯ ಹತ್ತು ಹಾಕಿದರೆ ತೊಂಬತ್ತು ಮೇಲಿನಿಂದ ಬರುವಾಗ ರಸ್ತೆ ಬೇಡವೆನ್ನುವ ರಾಜ್ಯ ಯಾವುದು? ಹೊಲಗದ್ದೆಗಳ ನಡುವೆ ಸುಗಮವಾಗಿ ಸಾಗಿದ ಕೆಲಸ ನಗರಗಳ ಒಳಗೆ ಹೊಕ್ಕಾಗ ಗಲಾಟೆ ಎದ್ದಿತು. ಸ್ಯಾನ್ ಆಂಟೋನಿಯೊದಲ್ಲಿ ಬ್ರ್ಯಾಕನ್‌ರಿಜ್ ಉದ್ಯಾನದ ಮೇಲೆ, ನ್ಯೂ ಆರ್ಲಿಯನ್ಸ್‌ನಲ್ಲಿ ಫ್ರೆಂಚ್ ಕ್ವಾರ್ಟರ್ ಎಂಬ ಹಳೆಯ ಪೇಟೆಯ ನದೀದಂಡೆಯ ಮೇಲೆ, ಮೆಂಫಿಸ್‌ನಲ್ಲಿ ಓವರ್ಟನ್ ಉದ್ಯಾನದ ಮೇಲೆ ಗೆರೆಗಳು ಹಾದಿದ್ದವು. 1963ರಲ್ಲಿ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲುನಿಲ್ದಾಣವನ್ನು ಕೆಡವಲು ಶುರುಮಾಡಿದ್ದು, ರಸ್ತೆಗೆ ಸಂಬಂಧವಿಲ್ಲದಿದ್ದರೂ, ಹಳೆಯದನ್ನು ಉಳಿಸಬೇಕೆಂಬ ಕೂಗಿಗೆ ಬಲ ಕೊಟ್ಟಿತು.

1966ರ ಅಕ್ಟೋಬರ್ 15ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಎರಡು ಕಾಯಿದೆಗಳಿಗೆ ಸಹಿ ಹಾಕಿದರು. ಸಾರಿಗೆ ಇಲಾಖೆಯನ್ನು ಸ್ಥಾಪಿಸಿದ ಕಾಯಿದೆಯ ಕಲಂ 4(ಎಫ್) ಸಾರ್ವಜನಿಕ ಉದ್ಯಾನ, ಆಟದ ಬಯಲು, ವನ್ಯಪ್ರಾಣಿ ಆಶ್ರಯತಾಣ, ಐತಿಹಾಸಿಕ ತಾಣಗಳಿಗೆ ಅನ್ವಯಿಸಿತು. ಇಂಥ ಜಾಗವನ್ನು ಬಳಸಬೇಕಾದರೆ ಕಾರ್ಯಸಾಧ್ಯವೂ ವಿವೇಕಯುತವೂ ಆದ ಬೇರೆ ದಾರಿ ಇಲ್ಲವೆಂದು ಇಲಾಖೆ ತೋರಿಸಬೇಕು; ಇಲ್ಲವೆಂದಾದ ಮೇಲೂ ಹಾನಿ ತಗ್ಗಿಸಲು ಸಾಧ್ಯವಿರುವುದನ್ನೆಲ್ಲ ಮಾಡಬೇಕು. ಎರಡನೆಯದು ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯಿದೆ. ಅದರ ಕಲಂ 106 ಹೇಳಿದ್ದು ಇಷ್ಟೇ: ಕೇಂದ್ರದ ಹಣ ಅಥವಾ ಅನುಮತಿ ಇರುವ ಕೆಲಸದಿಂದ ಚಾರಿತ್ರಿಕ ಆಸ್ತಿಗೆ ಏನಾಗುತ್ತದೆಂದು ಮೊದಲೇ ಯೋಚಿಸಿ, ಸಂಬಂಧಪಟ್ಟವರ ಮಾತು ಕೇಳಿ. ಒಂದು ಕಲಂ ಅಡ್ಡಗೋಡೆ ಹಾಕಿತು, ಇನ್ನೊಂದು ಮಾತುಕತೆಗೆ ಕೂರಿಸಿತು. ಆಮೇಲಿನ ಅರ್ಧದಷ್ಟು ಜಗಳ ಈ ಎರಡು ಧೋರಣೆಗಳ ನಡುವಿನದು.

ಮೊದಲ ಪಂಥ: ರಕ್ಷಣೆಯೇ ಮೊದಲು

ಗೋಡೆ ಎಷ್ಟು ಗಟ್ಟಿ ಎಂಬುದು ಮೆಂಫಿಸ್‌ನಲ್ಲಿ ಪರೀಕ್ಷೆಗೆ ಬಂತು. 342 ಎಕರೆಯ ಓವರ್ಟನ್ ಉದ್ಯಾನದಲ್ಲಿ ಮೃಗಾಲಯವಿತ್ತು, ಬಯಲು ರಂಗಮಂದಿರವಿತ್ತು, ಹಳೆಯ ಕಾಡಿತ್ತು. ಅದರ 26 ಎಕರೆಯನ್ನು ನುಂಗಿ ಆರು ಪಥದ ಇಂಟರ್‌ಸ್ಟೇಟ್ 40 ಹಾಯಬೇಕಿತ್ತು. ಊರಿನ ನಾಗರಿಕರು ಸಂಘ ಕಟ್ಟಿ ಸಾರಿಗೆ ಕಾರ್ಯದರ್ಶಿ ಜಾನ್ ವೋಲ್ಪಿ ವಿರುದ್ಧ ದಾವೆ ಹೂಡಿದರು. 1971ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರೆದವರು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ಅವರ ತರ್ಕ ಸರಳ. ಉದ್ಯಾನದ ಮೂಲಕ ಹೋದರೆ ಯಾವಾಗಲೂ ಖರ್ಚು ಕಡಿಮೆ, ಎಬ್ಬಿಸಬೇಕಾದ ಜನರೂ ಕಡಿಮೆ. ಈ ಎರಡು ಲಾಭಗಳನ್ನೂ ಉದ್ಯಾನವನ್ನೂ ಒಂದೇ ತಕ್ಕಡಿಯಲ್ಲಿ ಸಮಸಮವಾಗಿ ತೂಗುವುದಾದರೆ ಉದ್ಯಾನ ಪ್ರತಿಸಲವೂ ಸೋಲುತ್ತದೆ. ಹಾಗಾದರೆ ಈ ಕಾನೂನು ಮಾಡಿದ್ದೇಕೆ? ಆದ್ದರಿಂದ ಬೇರೆ ದಾರಿಯಲ್ಲಿ ತೀರ ಅಸಾಧಾರಣವಾದ ತೊಂದರೆ ಇದ್ದರೆ ಮಾತ್ರ ಉದ್ಯಾನವನ್ನು ಮುಟ್ಟಬಹುದು ಎಂದು ಕೋರ್ಟು ಹೇಳಿತು.

ಅಷ್ಟರಲ್ಲಿ ಉದ್ಯಾನದ ಎರಡೂ ಬದಿಯಲ್ಲಿ ರಸ್ತೆಗೆಂದು ಜಾಗ ಸ್ವಾಧೀನವಾಗಿಬಿಟ್ಟಿತ್ತು. ಅಂಚಿನವರೆಗೆ ರಸ್ತೆಯನ್ನು ತಂದು ನಿಲ್ಲಿಸಿ, 'ಇನ್ನು ಬೇರೆ ದಾರಿ ಎಲ್ಲಿದೆ' ಎಂದು ಕೇಳುವ ಈ ವರಸೆ ಮುಂದೆ ಅನೇಕ ಯೋಜನೆಗಳಲ್ಲಿ ಮರುಕಳಿಸಿತು. ಮೆಂಫಿಸ್‌ನಲ್ಲಿ ಮಾತ್ರ ಅದು ಫಲಿಸಲಿಲ್ಲ. 1981ರಲ್ಲಿ ಆ ತುಂಡನ್ನು ಕೈಬಿಡಲಾಯಿತು. ಇಂಟರ್‌ಸ್ಟೇಟ್ 40 ಇವತ್ತಿಗೂ ಆ ಊರನ್ನು ಉತ್ತರದಿಂದ ಬಳಸಿಕೊಂಡು ಹೋಗುತ್ತದೆ.

ಕಾಯಬೇಕಾದ ಜಾಗಕ್ಕೆ ಮಾತಿನಲ್ಲಿ ಗೌರವ ಸಲ್ಲಿಸಿ ಕಾಗದದಲ್ಲಿ ಕೈಬಿಡುವ ಆಡಳಿತದ ಚಾಳಿಗೆ ಕಟ್ಟುನಿಟ್ಟಿನ ನಿಯಮವೇ ಮದ್ದು ಎನ್ನುವುದು ಈ ಪಂಥದ ನಿಲುವು. ಆದರೆ ಗೋಡೆಗೆ ಗುದ್ದಿದ ರಸ್ತೆ ಪಕ್ಕಕ್ಕೆ ತಿರುಗಿ ಯಾರ ಅಂಗಳಕ್ಕೆ ಹೋಯಿತೆಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಗೋಡೆಯ ಬಾಗಿಲಿನ ಕೀಲಿ ಶಾಸಕರ ಕೈಯಲ್ಲಿದೆ ಎಂಬುದನ್ನೂ ಇದು ಮರೆಯುತ್ತದೆ. ಹವಾಯಿಯ ಓಆಹು ದ್ವೀಪದ ಎಚ್-3 ಹೆದ್ದಾರಿಯನ್ನು ನ್ಯಾಯಾಲಯ 4(ಎಫ್) ಅಡಿಯಲ್ಲಿ ತಡೆದಾಗ, ಅಮೆರಿಕದ ಕಾಂಗ್ರೆಸ್ 1986ರಲ್ಲಿ ಆ ಒಂದು ರಸ್ತೆಗೆ ಕಾನೂನಿನಿಂದಲೇ ವಿನಾಯಿತಿ ಕೊಟ್ಟಿತು. 1997ರ ಡಿಸೆಂಬರಿನಲ್ಲಿ ರಸ್ತೆ ತೆರೆಯಿತು. ಹಾಲಾವಾ ಕಣಿವೆಯಲ್ಲಿದ್ದ ಮೂಲನಿವಾಸಿಗಳ ಪವಿತ್ರ ತಾಣಗಳ ಬಗೆಗಿನ ನೋವು ಮುಚ್ಚಲಿಲ್ಲ.

ಎರಡನೆಯ ಪಂಥ: ತೂಗಿ ನೋಡೋಣ

ರಸ್ತೆ ಇಲಾಖೆಗಳ ಅಹವಾಲು ಬೇರೆ ಬಗೆಯದು. ಉದ್ಯಾನದ ಮೂಲೆಯಲ್ಲಿ ಪಾದಚಾರಿ ದಾರಿಗೆಂದು ನಾಲ್ಕು ಅಡಿ ಜಾಗ ಬೇಕಾದರೂ, ಹಳೆಯ ಮನೆಯ ಕಾಂಪೌಂಡಿನ ತುದಿಯನ್ನು ಚರಂಡಿಗಾಗಿ ಸವರಬೇಕಾದರೂ, ಮೆಂಫಿಸ್‌ಗೆ ಬೇಕಾದಷ್ಟೇ ಕಾಗದಪತ್ರ ಬೇಕೆ? ಎಷ್ಟೋ ಸಲ ಉದ್ಯಾನದ ಆಡಳಿತವೇ ಒಪ್ಪಿಕೊಂಡ, ಉದ್ಯಾನಕ್ಕೂ ಉಪಯೋಗವಾಗುವ ಕೆಲಸಗಳು ವರ್ಷಗಟ್ಟಲೆ ನಿಂತಿದ್ದವು.

2005ರ ಸಾರಿಗೆ ಕಾಯಿದೆ ಇದಕ್ಕೆ ಕಿವಿಗೊಟ್ಟಿತು. ಹಾನಿ ಗಣನೆಗೆ ಬಾರದಷ್ಟು ಸಣ್ಣದಾದರೆ ಬೇರೆ ದಾರಿ ಹುಡುಕುವ ಇಡೀ ಕಸರತ್ತು ಬೇಡ; ಆದರೆ ಆ ಜಾಗದ ಹೊಣೆ ಹೊತ್ತ ಅಧಿಕಾರಿಯ ಲಿಖಿತ ಒಪ್ಪಿಗೆ ಬೇಕು, ಉದ್ಯಾನವಾದರೆ ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಬೇಕು ಎಂದಿತು. 2008ರ ನಿಯಮಾವಳಿ ಒಂದು ದಾರಿ ಯಾವಾಗ 'ವಿವೇಕಯುತ'ವಲ್ಲ ಎಂಬುದನ್ನು ಪಟ್ಟಿ ಮಾಡಿತು: ಸುರಕ್ಷತೆಗೆ ಧಕ್ಕೆ, ಜನವಸತಿಗೆ ತೀವ್ರ ತೊಂದರೆ, ಬಡವರ ಹಾಗೂ ಅಲ್ಪಸಂಖ್ಯಾತರ ಮೇಲೆ ಮಿತಿಮೀರಿದ ಹೊರೆ, ವಿಪರೀತ ಖರ್ಚು, ಒಂದೊಂದೇ ಸಣ್ಣದಾಗಿದ್ದರೂ ಒಟ್ಟು ಸೇರಿದಾಗ ಭಾರವಾಗುವ ಕಾರಣಗಳು ಕೂಡ. ಮಾರ್ಷಲ್ ಹೊರಗಿಟ್ಟಿದ್ದ ತಕ್ಕಡಿ ಹೀಗೆ ಮತ್ತೆ ಒಳಗೆ ಬಂತು, ಆದರೆ ಉದ್ಯಾನದ ಕಡೆಗೆ ಒಂದಿಷ್ಟು ಹೆಚ್ಚಿನ ಭಾರ ಇಟ್ಟುಕೊಂಡೇ ಬಂತು.

ನಿತ್ಯದ ನೂರಾರು ಸಣ್ಣ ಕೆಲಸಗಳ ವಾಸ್ತವ ಈ ಪಂಥಕ್ಕೆ ಚೆನ್ನಾಗಿ ಗೊತ್ತು. ಅದರ ಅಪಾಯವೂ ಆ ಸಣ್ಣತನದಲ್ಲೇ ಇದೆ. ಇವತ್ತು ಬಲಕ್ಕೆ ತಿರುಗುವ ಪಥಕ್ಕೆ ಒಂದು ಗುಂಟೆ, ಹತ್ತು ವರ್ಷದ ಮೇಲೆ ಸಿಗ್ನಲ್ಲಿಗೆ ಅರ್ಧ ಗುಂಟೆ ಎಂದು ಪ್ರತಿಯೊಂದೂ ಬಿಡಿಬಿಡಿಯಾಗಿ 'ಗಣನೆಗೆ ಬಾರದ್ದು' ಎಂದು ದಾಖಲಾಗುತ್ತ ಹೋದರೆ, ಒಟ್ಟು ನಷ್ಟದ ಲೆಕ್ಕ ಇಡುವವರು ಯಾರೂ ಇರುವುದಿಲ್ಲ.

ಮೂರನೆಯ ಪಂಥ: ಕೂತು ಮಾತಾಡೋಣ

ಕಲಂ 106 ಯಾವ ಕಟ್ಟಡವನ್ನೂ ಉಳಿಸುವ ಮಾತು ಕೊಡುವುದಿಲ್ಲ. ರಾಜ್ಯದ ಸಂರಕ್ಷಣಾ ಅಧಿಕಾರಿ, ಮೂಲನಿವಾಸಿ ಬುಡಕಟ್ಟುಗಳು, ಸ್ಥಳೀಯ ಸಂಸ್ಥೆಗಳು, ಕೇಂದ್ರದ ಸಂರಕ್ಷಣಾ ಸಲಹಾ ಮಂಡಳಿ ಇವರೊಡನೆ ಸಮಾಲೋಚನೆ ನಡೆಸಿ, ಹಾನಿಯನ್ನು ಹೇಗೆ ತಪ್ಪಿಸಬೇಕು ಅಥವಾ ತುಂಬಿಕೊಡಬೇಕು ಎಂಬ ಒಪ್ಪಂದಕ್ಕೆ ಬರಬೇಕು. ಇದನ್ನು ಮೆಚ್ಚುವವರು ಹೇಳುವುದು ಹೀಗೆ: ಕೋರ್ಟಿನಲ್ಲಿ ಗೆಲ್ಲುವುದು ಒಂದೇ ಪಕ್ಷ, ಮೇಜಿನ ಸುತ್ತ ಕೂತರೆ ಎರಡೂ ಪಕ್ಷಕ್ಕೆ ಏನಾದರೂ ದಕ್ಕುತ್ತದೆ. ಬುಡಕಟ್ಟುಗಳ ಪಾಲಿಗೆ, ತಮ್ಮ ಜಾಗದ ಬಗ್ಗೆ ತಾವೇ ಮಾತಾಡಲು ಕಾನೂನು ಕೊಟ್ಟ ಮುಖ್ಯ ಬಾಗಿಲುಗಳಲ್ಲಿ ಇದೂ ಒಂದು.

ಟೀಕಿಸುವವರ ಬಳಿ ಹಳೆಯ ಸೇತುವೆಗಳ ಕತೆಯಿದೆ. ಕಿರಿದಾದ, ಭಾರ ತಡೆಯದ ಉಕ್ಕಿನ ಸೇತುವೆಗಳನ್ನು ಬದಲಿಸುವುದು ಅನಿವಾರ್ಯವೆಂದು ಒಪ್ಪಿ 1983ರಲ್ಲಿ 4(ಎಫ್) ಅಡಿಯಲ್ಲೂ ಅವುಗಳಿಗೊಂದು ಚುಟುಕು ಪ್ರಕ್ರಿಯೆ ಬಂತು. ಕೆಡವುವ ಮುನ್ನ ಜಾಹೀರಾತು ಕೊಟ್ಟು, ಕೊಂಡೊಯ್ದು ನೋಡಿಕೊಳ್ಳುವವರಿದ್ದರೆ ಸೇತುವೆಯನ್ನು ಅವರಿಗೆ ಕೊಡಲು ಮುಂದಾಗಬೇಕು. ಕೊಳ್ಳುವವರು ಬಾರದಿದ್ದರೆ ಎಲ್ಲ ಕೋನಗಳಿಂದ ಫೋಟೊ, ಅಳತೆಯ ನಕ್ಷೆ, ಒಂದು ಚಾರಿತ್ರಿಕ ಟಿಪ್ಪಣಿ, ಆಮೇಲೆ ಜೆಸಿಬಿ. ದಾಖಲೆ ಉಳಿಯುತ್ತದೆ, ವಸ್ತು ಹೋಗುತ್ತದೆ. ಉತ್ಖನನದಿಂದ ಸಿಗುವ ಮಾಹಿತಿಗಾಗಿಯಷ್ಟೇ ಮಹತ್ವದ್ದೆನಿಸಿದ ಪುರಾತತ್ವ ನೆಲೆಗಳನ್ನೂ ಅಗೆದು ಬರೆದಿಟ್ಟುಕೊಂಡು ಮುಂದೆ ಸಾಗಬಹುದು ಎನ್ನುತ್ತವೆ 4(ಎಫ್) ನಿಯಮಗಳು. ಸಮಾಲೋಚನೆಯ ಬೆಲೆಯೆಲ್ಲ ಅದು ಯಾವಾಗ ನಡೆಯುತ್ತದೆ ಎಂಬುದರ ಮೇಲೆ ನಿಂತಿದೆ. ವಿನ್ಯಾಸ ಮುಗಿದ ಮೇಲೆ ಕರೆದರೆ ಉಳಿಯುವುದು ಫಲಕದಲ್ಲಿ ಏನು ಬರೆಯಬೇಕೆಂಬ ಚರ್ಚೆ ಮಾತ್ರ.

ನಾಲ್ಕನೆಯ ಪಂಥ: ರಸ್ತೆಯೇ ಬದಲಾಗಲಿ

ರಸ್ತೆ ಬೇಕೋ ಬೇಡವೋ ಎಂಬ ಹಗ್ಗಜಗ್ಗಾಟ ಬಿಟ್ಟು ಎಂಥ ರಸ್ತೆ ಎಂದು ಕೇಳುವವರು ಇವರು. ನ್ಯೂ ಹ್ಯಾಂಪ್‌ಶೈರಿನ ಫ್ರಾಂಕೋನಿಯಾ ನಾಚ್ ಎಂಬ ಇಕ್ಕಟ್ಟಾದ ಬೆಟ್ಟದ ಕಣಿವೆಯಲ್ಲಿ, ಮನುಷ್ಯನ ಮುಖದಂತೆ ಕಾಣುತ್ತಿದ್ದ ಪ್ರಸಿದ್ಧ ಬಂಡೆಯ ಕೆಳಗೆ, ಇಂಟರ್‌ಸ್ಟೇಟ್ 93 ಹಾಯಬೇಕಿತ್ತು. ವರ್ಷಗಳ ಜಗಳದ ನಂತರ, ಇಂಟರ್‌ಸ್ಟೇಟಿನ ಮಾನದಂಡವನ್ನೇ ಸಡಿಲಿಸಿ, ಆ ತುಂಡಿನಲ್ಲಿ ಆಚೆ ಈಚೆ ಒಂದೊಂದೇ ಪಥ ಇಟ್ಟು ವೇಗ ತಗ್ಗಿಸಿದರು. 1988ರಲ್ಲಿ ಕೆಲಸ ಮುಗಿಯಿತು. 2003ರಲ್ಲಿ ಬಂಡೆ ತಾನಾಗಿಯೇ ಕುಸಿದುಬಿತ್ತು; ಕಣಿವೆ ಕಣಿವೆಯಾಗಿಯೇ ಉಳಿದಿದೆ. ಕೆಂಟಕಿಯ ಲೆಕ್ಸಿಂಗ್ಟನ್–ಪ್ಯಾರಿಸ್ ರಸ್ತೆಯ ಅಗಲೀಕರಣಕ್ಕೆ 1979ರಲ್ಲಿ ನ್ಯಾಯಾಲಯದ ತಡೆ ಬಿದ್ದಿತ್ತು. ಕೊನೆಗೆ ಹೋಗುವ ಬರುವ ಪಥಗಳನ್ನು ಬೇರ್ಪಡಿಸಿ, ನೆಲದ ಏರಿಳಿತಕ್ಕೆ ಹೊಂದಿಸಿ, ಗಾರೆಯಿಲ್ಲದೆ ಕಟ್ಟಿದ ಹಳೆಯ ಕಲ್ಲುಬೇಲಿಗಳನ್ನು ಮತ್ತೆ ಎಬ್ಬಿಸಿ ಅದನ್ನು ಕಟ್ಟಿದರು.

ಈ ದಾರಿಗೆ ಹಣ ಬೇಕು, ಕಾಲ ಬೇಕು, ಹಟ ಹಿಡಿಯದ ಎಂಜಿನಿಯರ್ ಬೇಕು. ಎಲ್ಲಕ್ಕೂ ವಿನ್ಯಾಸದಲ್ಲೇ ಉತ್ತರ ಸಿಕ್ಕೀತು ಎನ್ನುವಂತೆಯೂ ಇಲ್ಲ. ಇಂಗ್ಲೆಂಡಿನಲ್ಲಿ ಸ್ಟೋನ್‌ಹೆಂಜ್ ಪಕ್ಕದ ಎ303 ರಸ್ತೆಯನ್ನು ಸುಮಾರು ಮೂರು ಕಿಲೋಮೀಟರ್ ಸುರಂಗಕ್ಕೆ ಇಳಿಸುವ ಯೋಜನೆ ಕೇಳಲು ಸೊಗಸಾಗಿತ್ತು. ಆದರೆ ಸುರಂಗದ ಬಾಯಿ ವಿಶ್ವ ಪರಂಪರೆಯ ಪ್ರದೇಶದ ಒಳಗೇ ಬೀಳುತ್ತಿತ್ತು. 2021ರಲ್ಲಿ ಹೈಕೋರ್ಟು, ಇತರ ದಾರಿಗಳನ್ನು ಸರಿಯಾಗಿ ಪರಿಗಣಿಸಿಲ್ಲ ಎಂಬ ಕಾರಣವನ್ನೂ ಸೇರಿಸಿ ಅನುಮತಿಯನ್ನು ರದ್ದು ಮಾಡಿತು. 2023ರಲ್ಲಿ ಮತ್ತೆ ಅನುಮತಿ ಸಿಕ್ಕಿತು. 2024ರ ಜುಲೈನಲ್ಲಿ ಹೊಸ ಸರ್ಕಾರ ಹಣವಿಲ್ಲವೆಂದು ಯೋಜನೆಯನ್ನೇ ಕೈಬಿಟ್ಟಿತು.

ಐದನೆಯ ಪಂಥ: ಪಟ್ಟಿ ಬರೆದವರು ಯಾರು?

ಮೇಲಿನ ನಾಲ್ಕೂ ಪಂಥಗಳು ಒಂದು ವಿಷಯದಲ್ಲಿ ಒಮ್ಮತದಲ್ಲಿವೆ: ಕಾಯಬೇಕಾದ ಜಾಗ ಯಾವುದೆಂಬುದು ಮೊದಲೇ ಗೊತ್ತಿದೆ ಎಂಬ ನಂಬಿಕೆಯಲ್ಲಿ. ಐದನೆಯ ಪಂಥ ಆ ನಂಬಿಕೆಗೇ ಕೈ ಹಾಕುತ್ತದೆ. ಇದಕ್ಕೆ ನ್ಯೂ ಆರ್ಲಿಯನ್ಸ್‌ಗಿಂತ ಒಳ್ಳೆಯ ಪಾಠ ಇಲ್ಲ. ಫ್ರೆಂಚ್ ಕ್ವಾರ್ಟರನ್ನು ಕಾಯಲು 1930ರ ದಶಕದಲ್ಲೇ ಆಯೋಗವಿತ್ತು. 1965ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು. 1969ರಲ್ಲಿ ಇದೇ ವೋಲ್ಪಿ ಅಲ್ಲಿನ ನದೀದಂಡೆಯ ಎಕ್ಸ್‌ಪ್ರೆಸ್‌ವೇಯನ್ನು ರದ್ದು ಮಾಡಿದರು. ಅಲ್ಲಿಂದ ಕೂಗಳತೆಯ ದೂರದಲ್ಲಿ ಟ್ರೆಮೆ ಎಂಬ ಕರಿಯರ ಬಡಾವಣೆ ಇತ್ತು. ಅದರ ಕ್ಲೇಬಾರ್ನ್ ಬೀದಿಯ ನಡುವೆ ಓಕ್ ಮರಗಳ ಸಾಲು, ಅಕ್ಕಪಕ್ಕದಲ್ಲಿ ಅಂಗಡಿಗಳು, ಹಬ್ಬದ ದಿನ ಮರದ ನೆರಳಲ್ಲಿ ಜಾತ್ರೆಯಂಥ ಸಂಭ್ರಮ. 1966ರಲ್ಲಿ ಆ ಮರಗಳನ್ನು ಕಡಿದು ಇಂಟರ್‌ಸ್ಟೇಟ್ 10ರ ಮೇಲ್ಸೇತುವೆ ಎಬ್ಬಿಸಿದರು. ಆ ಬೀದಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಮಿನೆಸೋಟಾದ ಸೇಂಟ್ ಪಾಲ್‌ನ ರೋಂಡೊ, ಮಯಾಮಿಯ ಓವರ್‌ಟೌನ್ ಬಡಾವಣೆಗಳ ಕತೆಯೂ ಇದೇ ಜಾಡಿನದು.

ಕಾನೂನಿನ ಕಣ್ಣಿಗೆ ಉದ್ಯಾನ ಕಾಣುತ್ತದೆ, ಕಂಬಗಳುಳ್ಳ ಬಂಗಲೆ ಕಾಣುತ್ತದೆ; ಬಾಡಿಗೆ ಮನೆಗಳ ಸಾಲು, ಕ್ಷೌರದ ಅಂಗಡಿ, ಚರ್ಚು ಸೇರಿ ಆದ ಬದುಕು ಕಾಣುವುದಿಲ್ಲ ಎಂಬುದು ಈ ಪಂಥದ ದೂರು. ಇನ್ನೂ ಮುಂದೆ ಹೋಗಿ, ಉದ್ಯಾನಗಳಿಗೆ ಕೊಟ್ಟ ಬಲವಾದ ರಕ್ಷಣೆಯೇ ರಸ್ತೆಯನ್ನು ಬಡವರ ಕೇರಿಗಳತ್ತ ತಳ್ಳಬಲ್ಲದು ಎನ್ನುತ್ತದೆ. 2021ರ ಮೂಲಸೌಕರ್ಯ ಕಾಯಿದೆ, ಹೆದ್ದಾರಿ ಸೀಳಿದ ಬಡಾವಣೆಗಳನ್ನು ಮತ್ತೆ ಬೆಸೆಯಲು ಐದು ವರ್ಷಕ್ಕೆ ನೂರು ಕೋಟಿ ಡಾಲರ್ ಎತ್ತಿಟ್ಟದ್ದು ಈ ವಾದದ ಗೆಲುವು. ಆದರೆ ಕಳೆದುಹೋದ ಕೇರಿಯನ್ನು ದುಡ್ಡು ಮರಳಿ ತರಬಲ್ಲದೆ ಎಂಬುದಕ್ಕೆ ಈ ಪಂಥದ ಬಳಿಯೂ ಉತ್ತರವಿಲ್ಲ.

ಮರುನಿರ್ಮಾಣ ತಂದ ಹೊಸ ತೊಡಕು

ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಲು ಸಾಮಾನ್ಯವಾಗಿ ಐವತ್ತು ವರ್ಷ ಆಗಿರಬೇಕು. 1956ರಲ್ಲಿ ಶುರುವಾದ ಇಂಟರ್‌ಸ್ಟೇಟ್‌ಗಳಿಗೆ 2006ಕ್ಕೆ ಐವತ್ತು ತುಂಬುತ್ತಿತ್ತು. ಹಾಗಾದರೆ ಪ್ರತಿ ಮೋರಿ, ಪ್ರತಿ ಮೇಲ್ಸೇತುವೆಯ ದುರಸ್ತಿಗೂ ಪರಂಪರೆಯ ಪರಿಶೀಲನೆ ಬೇಕಾದೀತೆಂದು ಹೆದರಿ, 2005ರಲ್ಲಿ ಇಡೀ ಜಾಲಕ್ಕೆ ವಿನಾಯಿತಿ ಕೊಟ್ಟು, ವಿಶೇಷ ಮಹತ್ವದ ಕೆಲವು ಭಾಗಗಳನ್ನಷ್ಟೇ ಕಾನೂನಿನ ಒಳಗಿಟ್ಟರು. ಆ ಜಾಲಕ್ಕಿಂತ ಹಳೆಯದಾದ ಕನೆಕ್ಟಿಕಟ್‌ನ ಮೆರಿಟ್ ಪಾರ್ಕ್‌ವೇಗೆ ಬೇರೆಯೇ ಯೋಗ. ಒಂದೊಂದು ಮೇಲ್ಸೇತುವೆಗೂ ಒಂದೊಂದು ಬಗೆಯ ಅಲಂಕಾರವಿರುವ, 1940ಕ್ಕೆ ಮುಗಿದ ಆ ರಸ್ತೆ 1991ರಲ್ಲಿ ರಾಷ್ಟ್ರೀಯ ಪಟ್ಟಿ ಸೇರಿತು. ನಾರ್ವಾಕ್‌ನಲ್ಲಿ ಅದಕ್ಕೆ ದೊಡ್ಡ ಇಂಟರ್‌ಚೇಂಜ್ ಕಟ್ಟಹೊರಟಾಗ, 2006ರಲ್ಲಿ ಕೇಂದ್ರ ನ್ಯಾಯಾಲಯ 4(ಎಫ್) ಅಡಿಯಲ್ಲೇ ಅದಕ್ಕೆ ತಡೆ ಹಾಕಿತು. ಇಲ್ಲಿ ರಸ್ತೆಯಿಂದ ಕಾಪಾಡಬೇಕಾದ ಆಸ್ತಿಯೂ ರಸ್ತೆಯೇ.

ನ್ಯೂಯಾರ್ಕಿನ ಬ್ರೂಕ್ಲಿನ್–ಕ್ವೀನ್ಸ್ ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟು ಇನ್ನೂ ಬಿಗಿ. ನಗರದ ಹೆದ್ದಾರಿಗಳ ರೂವಾರಿ ರಾಬರ್ಟ್ ಮೋಸೆಸ್ ಕಾಲದಲ್ಲಿ ಅದನ್ನು ಗುಡ್ಡದ ಬದಿಗೆ ಅಟ್ಟಗಳಂತೆ ಚಾಚಿ ಕಟ್ಟಿದರು. ಕೆಳಗಿನ ಎರಡು ಅಂತಸ್ತಿನಲ್ಲಿ ವಾಹನ, ಎಲ್ಲಕ್ಕಿಂತ ಮೇಲೆ 1950ರಲ್ಲಿ ತೆರೆದ ಸಾರ್ವಜನಿಕ ವಿಹಾರಪಥ. ಹಿಂದೆಯೇ 1965ರಲ್ಲಿ ನಗರದ ಮೊದಲ ಐತಿಹಾಸಿಕ ಬಡಾವಣೆಯೆಂದು ಘೋಷಿತವಾದ ಬ್ರೂಕ್ಲಿನ್ ಹೈಟ್ಸ್. ದಿನಕ್ಕೆ ಸುಮಾರು ಒಂದೂವರೆ ಲಕ್ಷ ವಾಹನ ಹೊರುವ ಆ ಕಟ್ಟಡ ಶಿಥಿಲವಾಗಿದೆ. ದುರಸ್ತಿ ನಡೆಯುವಷ್ಟು ವರ್ಷ ವಿಹಾರಪಥದ ಜಾಗದಲ್ಲೇ ತಾತ್ಕಾಲಿಕ ಹೆದ್ದಾರಿ ಮಾಡೋಣ ಎಂದು 2018ರಲ್ಲಿ ನಗರಾಡಳಿತ ಪ್ರಸ್ತಾಪಿಸಿದಾಗ ಊರೇ ಎದ್ದು ನಿಂತಿತು, ಪ್ರಸ್ತಾಪ ಬಿದ್ದುಹೋಯಿತು. 2021ರಲ್ಲಿ ಭಾರ ತಗ್ಗಿಸಲು ಎರಡೂ ದಿಕ್ಕಿಗೆ ಮೂರಿದ್ದ ಪಥಗಳನ್ನು ಎರಡಕ್ಕಿಳಿಸಿದರು. ಹೆದ್ದಾರಿಯ ಜೊತೆಗೇ ಹುಟ್ಟಿದ ಸಾರ್ವಜನಿಕ ಜಾಗವೊಂದು ಈಗ ಅದೇ ಹೆದ್ದಾರಿಗೆ ಎದುರಾಗಿ ನಿಂತಿದೆ.

ನಮ್ಮಲ್ಲಿ: ಟೇಪು ಹಿಡಿದ ಕಾನೂನು

ಭಾರತದ ಕಾನೂನು ಬೇರೆ ದಾರಿ ಇದೆಯೇ ಎಂದು ಕೇಳುವುದಕ್ಕಿಂತ ಮೊದಲು ದೂರ ಎಷ್ಟು ಎಂದು ಕೇಳುತ್ತದೆ. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಸಾರ್ವಜನಿಕ ಕಾಮಗಾರಿಗೂ ಅವಕಾಶವಿಲ್ಲ. ಅದನ್ನು ಸಡಿಲಿಸುವ ಮಸೂದೆ 2018ರ ಜನವರಿಯಲ್ಲಿ ಲೋಕಸಭೆಯಲ್ಲಿ ಪಾಸಾಗಿ, ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಹೋಯಿತು. ಟೇಪಿನ ಗುಣ ಸ್ಪಷ್ಟತೆ. ಅಧಿಕಾರಿಯ ಮರ್ಜಿಗೆ ಎಡೆ ಕಡಿಮೆ. ಅದರ ದೋಷವೂ ಅಷ್ಟೇ ಸ್ಪಷ್ಟ: 90ನೆಯ ಮೀಟರಿನ ಸಣ್ಣ ಕೋಣೆಗೂ ತಡೆ, 310ನೆಯ ಮೀಟರಿನ ಮೇಲ್ಸೇತುವೆಗೂ ಸೈ.

ಹಂಪಿಯ ಕತೆ ಟೇಪಿಗೆ ಸಿಕ್ಕುವಂಥದಲ್ಲ. ತಳವಾರಘಟ್ಟದ ಬಳಿ ಆನೆಗೊಂದಿಗೆ ತುಂಗಭದ್ರೆಯ ಮೇಲೆ ಕಟ್ಟತೊಡಗಿದ ಸೇತುವೆಯ ಕಾರಣದಿಂದ 1999ರಲ್ಲಿ ಹಂಪಿ 'ಅಪಾಯದಲ್ಲಿರುವ ವಿಶ್ವ ಪರಂಪರೆ'ಯ ಪಟ್ಟಿಗೆ ಸೇರಿತು. ಹೊಳೆಯಾಚೆಯ ಜನರಿಗೆ ಆಸ್ಪತ್ರೆ, ಕಾಲೇಜು, ಸಂತೆಗೆ ಹೋಗಲು ದಾರಿ ಬೇಕಿತ್ತು, ತೆಪ್ಪವನ್ನು ನೆಚ್ಚಿ ಎಷ್ಟು ದಿನ ಬದುಕುವುದು ಎಂಬ ಅವರ ಪ್ರಶ್ನೆಯೂ ನ್ಯಾಯವಾದದ್ದೇ. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ನಿರ್ಮಾಣ ಹಂತದಲ್ಲೇ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಆಮೇಲೆ ಬುಕ್ಕಸಾಗರ–ಕಡೇಬಾಗಿಲು ನಡುವೆ ಸೇತುವೆ ಆಯಿತು. ಬೇರೆ ದಾರಿ ಇತ್ತು. ಕಂಬ ಏಳುವ ಮುನ್ನ ಅದನ್ನು ಗಟ್ಟಿಯಾಗಿ ಕೇಳಿಸುವ ಕಾನೂನು ಇರಲಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿ, ಗೋಣಿಕೊಪ್ಪ–ಕುಟ್ಟ ಮಾರ್ಗವನ್ನು ತೋರಿಸಿದ್ದು ಇನ್ನೊಂದು ಬಗೆ. ಅಲ್ಲಿ ರಸ್ತೆ ಇದ್ದಲ್ಲೇ ಇದೆ, ಅದನ್ನು ಬಳಸುವ ಹೊತ್ತನ್ನು ಹಂಚಿಕೊಂಡಿದ್ದಾರೆ. ಕೇರಳದ ತಕರಾರು ಸುಪ್ರೀಂ ಕೋರ್ಟಿನ ತನಕ ಹೋಗಿದೆ.

ಪಟ್ಟಿಯ ಪ್ರಶ್ನೆ ನಮ್ಮಲ್ಲಿ ಇನ್ನೂ ಹರಿತ. ಕರ್ನಾಟಕದಲ್ಲಿ ಕೇಂದ್ರದ ಸಂರಕ್ಷಣೆಯಲ್ಲಿರುವ ಸ್ಮಾರಕಗಳು ಐನೂರಕ್ಕೂ ಹೆಚ್ಚು, ರಾಜ್ಯದ ಪಟ್ಟಿ ಬೇರೆ. ಊರೂರ ದಾರಿ ಬದಿಯ ವೀರಗಲ್ಲು, ಮಾಸ್ತಿಕಲ್ಲು, ಅರವಟ್ಟಿಗೆ, ಅಶ್ವತ್ಥಕಟ್ಟೆಗಳಲ್ಲಿ ಬಹುಪಾಲು ಇವೆರಡರ ಹೊರಗಿವೆ. ಗೋಮಾಳ, ಗುಂಡುತೋಪು, ಕೆರೆಯಂಗಳಗಳು ಕಂದಾಯ ದಾಖಲೆಯಲ್ಲಿ ಸರ್ಕಾರಿ ಜಾಗ. ಎಂದರೆ ಅಲೈನ್‌ಮೆಂಟಿಗೆ ಹೇಳಿಮಾಡಿಸಿದ ಜಾಗ.

ಇತ್ಯರ್ಥವಾಗದೆ ಉಳಿದದ್ದು

ಅರವತ್ತು ವರ್ಷಗಳ ವಾದ ಕೆಲವು ಗಂಟುಗಳನ್ನು ಬಿಡಿಸಿದೆ. ರಸ್ತೆಗೆ ಬೇರೆ ದಾರಿ ಹುಡುಕಬೇಕು ಎಂಬುದನ್ನು ಈಗ ಅಲ್ಲಗಳೆಯುವವರು ಕಡಿಮೆ. ಬಿಡಿಸದ ಗಂಟುಗಳು ನಾಲ್ಕು.

ಮೊದಲನೆಯದು ಬೆಲೆ. ಉದ್ಯಾನವನ್ನೋ ಕೋಟೆಯನ್ನೋ ಬಳಸಿಕೊಂಡು ಹೋಗಲು ಎಷ್ಟು ಹೆಚ್ಚು ಖರ್ಚಾದರೆ ಅದು 'ವಿಪರೀತ'? ಕಾನೂನು ಅಂಕಿ ಕೊಟ್ಟಿಲ್ಲ. ಕೊಟ್ಟರೆ ಪ್ರತಿ ಅಂದಾಜುಪಟ್ಟಿಯೂ ಆ ಅಂಕಿಯನ್ನು ದಾಟಿಯೇ ತಯಾರಾದೀತು ಎಂಬ ಭಯವಿದೆ.

ಎರಡನೆಯದು ಪಟ್ಟಿ. ಅದನ್ನು ಹಿಗ್ಗಿಸಿ ಜನರ ನಿತ್ಯದ ಜಾಗಗಳನ್ನೂ ಸೇರಿಸಿದರೆ ನ್ಯಾಯವೇನೋ ಆದೀತು. ಆದರೆ ಎಲ್ಲವನ್ನೂ ಕಾಯಹೊರಟ ಕಾನೂನಿಗೆ ಏನನ್ನೂ ಕಾಯುವ ಕಸುವು ಉಳಿದೀತೆ? 2005ರ ವಿನಾಯಿತಿ ಬಂದದ್ದು ಇದೇ ಭಯದಿಂದ.

ಮೂರನೆಯದು ಕಾಲ. ಜಾಗ ಸ್ವಾಧೀನವಾದ ಮೇಲೆ, ಟೆಂಡರ್ ಕರೆದ ಮೇಲೆ ನಡೆಯುವ ಅಹವಾಲು ಸಭೆಗೆ ಬೆಲೆ ಎಷ್ಟು? ಗೆರೆ ಎಳೆಯುವ ಮುನ್ನವೇ ಜನರ ಮಾತು ಕೇಳುವುದನ್ನು ಕಡ್ಡಾಯ ಮಾಡಿದರೂ, ಗೆರೆ ಎಲ್ಲಿ ಬರುತ್ತದೆಂದು ತಿಳಿಯದೆ ಸಭೆಗೆ ಬರುವವರು ಯಾರು ಎಂಬ ತೊಡಕು ಉಳಿಯುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಬುಡದ್ದು: ಆ ರಸ್ತೆ ಅಷ್ಟು ಅಗಲ ಬೇಕೆ? ಸ್ಯಾನ್ ಫ್ರಾನ್ಸಿಸ್ಕೊ 1989ರ ಭೂಕಂಪದಲ್ಲಿ ಜಖಂಗೊಂಡ ಎಂಬಾರ್ಕಡೆರೊ ಮೇಲ್ಸೇತುವೆಯನ್ನು ಮತ್ತೆ ಕಟ್ಟದೆ ಕೆಡವಿಹಾಕಿತು. ಊರು ನಿಲ್ಲಲಿಲ್ಲ, ಸಮುದ್ರದಂಡೆ ಜನರಿಗೆ ವಾಪಸು ಸಿಕ್ಕಿತು. ಬ್ರೂಕ್ಲಿನ್ ಎರಡು ಪಥ ಕಡಿಮೆ ಮಾಡಿಯೂ ನಡೆಯುತ್ತಿದೆ. ಆದರೆ ಆನೆಗೊಂದಿಯ ಕಡೆಯವರಿಗೆ ಬೇಕಿದ್ದದ್ದು ಮೊದಲ ಸೇತುವೆ. ಅಗತ್ಯವನ್ನು ಅಳೆಯುವ ಈ ಪ್ರಶ್ನೆಯನ್ನು 4(ಎಫ್) ನೇರವಾಗಿ ಕೇಳುವುದಿಲ್ಲ, ಕಲಂ 106 ಕೇಳುವುದಿಲ್ಲ, ನಮ್ಮ ನೂರು ಮೀಟರಿನ ಟೇಪಂತೂ ಕೇಳುವುದೇ ಇಲ್ಲ. ಮುಂದಿನ ಸುತ್ತಿನ ವಾದ ಅಲ್ಲಿಂದಲೇ ಶುರುವಾಗಬೇಕು.